ಬಾಗಿಲು ಹಾಕಿದ್ವಾ? ಆಲ್ಪ್ಸ್‌ನ ಬೀಗವಿಲ್ಲದ ಗೂಡಿಗೆ ಒಂದು ದಿನದ ಚಾರಣ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಶುರು ಮಾಡೋ ಮುಂಚೆ ಒಂದು ಪ್ರಶ್ನೆ. ಮನೆಯಿಂದ ಹೊರಟು ಅರ್ಧ ದಾರಿಗೆ ಬಂದ ಮೇಲೆ, "ಅಯ್ಯೋ, ಬಾಗಿಲು ಹಾಕಿದ್ನಾ?" ಅಂತ ನಿಮಗೆ ಯಾವತ್ತಾದ್ರೂ ಅನ್ನಿಸಿದೆಯಾ? ಖಂಡಿತ ಅನ್ನಿಸಿರುತ್ತೆ. ನನಗೆ ಹಾಗೆ ಅನ್ನಿಸಿದ್ದು ಇಟಲಿಯ ಆಲ್ಪ್ಸ್ ಬೆಟ್ಟದಲ್ಲಿ, ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರ್‌ಗೂ ಎತ್ತರದ ಜಾಗದಲ್ಲಿ. ತಮಾಷೆ ಏನಂದ್ರೆ, ಆ ಬಾಗಿಲು ನನ್ನ ಮನೆಯದ್ದಲ್ಲ. ಅದು ಯಾರ ಮನೆಯದ್ದೂ ಅಲ್ಲ. ಅದಕ್ಕೇ ಆ ದಿನ ನನಗೆ ಇವತ್ತಿಗೂ ಮರೆತಿಲ್ಲ.

ನಾನಾಗ ಟುರಿನ್ ನಗರದಲ್ಲಿ ಓದ್ತಾ ಇದ್ದೆ. ಆಗಸ್ಟ್ ತಿಂಗಳ ಕೊನೆಯ ಒಂದು ಶನಿವಾರ ಮೂರು ಜನ ಹೊರಟ್ವಿ. ನಾನು, ಧಾರವಾಡದ ನನ್ನ ರೂಮ್‌ಮೇಟ್, ಮತ್ತೆ ನಮ್ಮ ಲ್ಯಾಬ್‌ನ ಒಬ್ಬ ಇಟಾಲಿಯನ್ ಗೆಳೆಯ. ಅವನು ಚಿಕ್ಕಂದಿನಿಂದ ಬೆಟ್ಟ ಹತ್ತಿದವನು. ನಾವಿಬ್ಬರು ಕುಮಾರ ಪರ್ವತ ಹತ್ತಿದ್ದೇವೆ ಅನ್ನೋ ಜಂಬದವರು. ಹೋಗಬೇಕಿದ್ದ ಜಾಗದ ಹೆಸರು ಜೆರ್ವಸೂತಿ ಬಿವಾಕ್. ಎತ್ತರ 2,835 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದ್ರೆ ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಇನ್ನೂ 900 ಮೀಟರ್ ಮೇಲೆ.

ಮೊದಲು ಬಿವಾಕ್ ಅಂದ್ರೆ ಏನು ಅಂತ ಹೇಳಿಬಿಡ್ತೀನಿ. ಆಲ್ಪ್ಸ್‌ನಲ್ಲಿ ಎರಡು ಥರದ ಆಸರೆ ಮನೆಗಳಿವೆ. ಒಂದು ರಿಫ್ಯೂಜಿಯೊ. ಅಲ್ಲಿ ನೋಡ್ಕೊಳ್ಳೋರು ಇರ್ತಾರೆ, ಬಿಸಿ ಸೂಪ್ ಸಿಗುತ್ತೆ, ದುಡ್ಡು ಕೊಟ್ಟು ಹಾಸಿಗೆ ಬುಕ್ ಮಾಡಬಹುದು. ಇನ್ನೊಂದು ಬಿವಾಕ್. ಅದು ರಿಫ್ಯೂಜಿಯೊ ಕಟ್ಟೋಕೆ ಆಗದ ಎತ್ತರದಲ್ಲಿ, ಬಂಡೆಯ ಮೇಲೆ ಅಂಟಿಕೊಂಡಿರೋ ಒಂದು ಗೂಡು. ನೋಡ್ಕೊಳ್ಳೋರಿಲ್ಲ, ಅಡುಗೆಯವರಿಲ್ಲ. ಕೆಲವು ಹಲಗೆ ಹಾಸಿಗೆ, ಕಂಬಳಿ, ಒಂದು ಮೇಜು, ಅಷ್ಟೆ. ಬಾಗಿಲಿಗೆ ಅಗುಳಿ ಇರುತ್ತೆ, ಬೀಗ ಇರಲ್ಲ. ಯಾವ ಹೊತ್ತಲ್ಲಿ ಯಾರು ಬಂದರೂ ತೆಗೆದು ಒಳಗೆ ಹೋಗಬೇಕು, ಅದಕ್ಕೇ.

ಕುಮಾರ ಪರ್ವತಕ್ಕೆ ಹೋದೋರಿಗೆ ದಾರಿಯಲ್ಲಿ ಸಿಗೋ ಭಟ್ಟರ ಮನೆ ಗೊತ್ತಿರುತ್ತೆ. ಸುಸ್ತಾಗಿ ಹೋದ್ರೆ ಅನ್ನ, ಸಾರು, ಮಜ್ಜಿಗೆ. ಅಲ್ಲಿ ನಿಮ್ಮನ್ನ ಕಾಯೋಕೆ ಒಂದು ಮನೆಯಿದೆ, ಮನೆಯೊಳಗೆ ಜನ ಇದ್ದಾರೆ. ಬಿವಾಕ್ ಅಂದ್ರೆ ಜನವೇ ಇಲ್ಲದ ಅರವಟ್ಟಿಗೆ ಅಂದ್ಕೊಳ್ಳಿ. ಮಡಕೆ ಇದೆ, ನೆರಳಿದೆ, ನೀರು ಕೊಡೋರು ಮಾತ್ರ ಇಲ್ಲ. ಹಿಂದಿನ ದಿನ ಬಂದು ಹೋದವರು ಮಡಕೆ ತೊಳೆದಿಟ್ಟು ಹೋಗಿದ್ರೆ ನಿಮಗೆ ಅನುಕೂಲ, ಒಡೆದು ಹೋಗಿದ್ರೆ ನಿಮ್ಮ ಹಣೆಬರಹ.

ಬಿವಾಕ್ ಅನ್ನೋ ಪದಕ್ಕೂ ಒಂದು ಕಥೆಯಿದೆ. ಸ್ವಿಟ್ಜರ್ಲೆಂಡ್‌ನ ಜರ್ಮನ್ ಭಾಷೆಯಲ್ಲಿ ಊರಿನ ಮಾಮೂಲಿ ಕಾವಲಿನ ಜೊತೆ ರಾತ್ರಿ ಹೊತ್ತು ಹಾಕ್ತಿದ್ದ ಹೆಚ್ಚುವರಿ ಕಾವಲಿಗೆ ಹತ್ತಿರತ್ತಿರ ಇದೇ ಹೆಸರಿತ್ತು. ಅದು ಫ್ರೆಂಚ್‌ಗೆ ಹೋಗಿ, ಸೈನಿಕರು ಬಯಲಲ್ಲಿ ರಾತ್ರಿ ಕಳೆಯೋದಕ್ಕೆ ಹೆಸರಾಯ್ತು. ಆಮೇಲೆ ಬೆಟ್ಟ ಹತ್ತೋರು ಅದನ್ನ ತಗೊಂಡ್ರು. ಹಾಗಾಗಿ ಮೂಲದಲ್ಲಿ ಈ ಪದಕ್ಕೆ ನಿದ್ದೆ ಅನ್ನೋ ಅರ್ಥ ಇಲ್ಲ, ಎಚ್ಚರ ಅನ್ನೋ ಅರ್ಥ ಇದೆ. ಈ ಮಾತನ್ನ ಸ್ವಲ್ಪ ನೆನಪಲ್ಲಿಟ್ಕೊಳ್ಳಿ.

ನಾವು ಹಿಂದಿನ ರಾತ್ರಿ ಕೂರ್ಮಯೋರ್ ಅನ್ನೋ ಊರಲ್ಲಿ ಉಳಿದ್ವಿ. ಮಾಂಟ್ ಬ್ಲಾಂಕ್ ಪರ್ವತದ ಇಟಲಿ ಕಡೆಯ ಬುಡದಲ್ಲಿರೋ ಊರು ಅದು. ಬೆಳಿಗ್ಗೆ ಬಸ್ ಹಿಡಿದು ವಾಲ್ ಫೆರೆ ಕಣಿವೆಯ ಲವಶೆ ಅನ್ನೋ ಜಾಗದಲ್ಲಿ ಇಳಿದಾಗ ಗಂಟೆ ಏಳೂಮುಕ್ಕಾಲು. ಬಸ್ ಇಳಿಯೋ ಜಾಗವೇ 1,642 ಮೀಟರ್. ಅಲ್ಲಿಂದ ಬಿವಾಕ್‌ಗೆ ಹತ್ತಬೇಕಾದ್ದು ಸುಮಾರು 1,200 ಮೀಟರ್.

ಹೊರಡೋ ಮುಂಚೆ ಗೆಳೆಯ ಮೂರು ವಿಷಯ ಕೇಳಿದ. ಹೆಲ್ಮೆಟ್ ಇದೆಯಾ? ದಪ್ಪ ಜಾಕೆಟ್ ಇದೆಯಾ? ತಲೆಗೆ ಕಟ್ಟೋ ಟಾರ್ಚ್ ಇದೆಯಾ? ಆಗಸ್ಟ್ ಬಿಸಿಲಿಗೆ ಜಾಕೆಟ್ ಯಾಕೆ ಅಂತ ನನ್ನ ರೂಮ್‌ಮೇಟ್ ನಕ್ಕಳು. ಅವನು ಲೆಕ್ಕ ಹೇಳಿದ. ಸಾವಿರ ಮೀಟರ್ ಹತ್ತಿದ್ರೆ ಸುಮಾರು ಆರು ಡಿಗ್ರಿ ಕಮ್ಮಿ ಆಗುತ್ತೆ. ಟುರಿನ್‌ನಲ್ಲಿ 30 ಡಿಗ್ರಿ ಇದ್ರೆ ಮೇಲೆ ಹದಿನೈದರ ಹತ್ತಿರ, ಗಾಳಿ ಬೀಸಿದ್ರೆ ಇನ್ನೂ ಚಳಿ. ಆಮೇಲೆ ಇನ್ನೊಂದು ಮಾತು ಹೇಳಿದ. "ಎಲ್ಲೇ ಇದ್ದರೂ ಮಧ್ಯಾಹ್ನ ಒಂದು ಗಂಟೆಗೆ ವಾಪಸ್ ತಿರುಗೋದು. ಬಿವಾಕ್ ಐದು ನಿಮಿಷ ದೂರ ಇದ್ರೂ ಸರಿ." ಆ ರಾತ್ರಿ ಗುಡುಗು ಮಳೆ, ಮೇಲೆ ಹಿಮ ಅಂತ ಮುನ್ಸೂಚನೆ ಇತ್ತು. ಸಂಜೆವರೆಗೆ ಆಕಾಶ ಸ್ವಚ್ಛ ಅಂತಿತ್ತು.

ಮೊದಲು ತೊರೆ ದಾಟಿ ಕಾಡು. ಆಮೇಲೆ ಹಿಮನದಿ ಹಿಂದೆ ಯಾವತ್ತೋ ತಳ್ಳಿಕೊಂಡು ಬಂದು ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ. ಅದರ ಮೇಲೆ ನಡೀವಾಗ ಒಂದು ಹೆಜ್ಜೆ ಮುಂದೆ ಇಟ್ರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತೆ. ಆಮೇಲೆ ಕಡಿದಾದ ಬಂಡೆ, ಹಿಡಿದುಕೊಳ್ಳೋಕೆ ಅಲ್ಲಲ್ಲಿ ಕಟ್ಟಿದ ಹಗ್ಗ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ: ಇದು ಮೊದಲನೇ ಸಲ ಬೆಟ್ಟ ಹತ್ತೋರ ದಾರಿ ಅಲ್ಲ. ಮೇಲಿನಿಂದ ಕಲ್ಲು ಬೀಳುತ್ತೆ, ವರ್ಷದ ಬಹುಕಾಲ ಹಿಮ ಇರುತ್ತೆ. ರೀಲ್ಸ್ ನೋಡಿ ಹೊರಡಬೇಡಿ. ನಮ್ಮ ಜಂಬ ಅಂತೂ ಮೊದಲ ಹಗ್ಗದ ಹತ್ತಿರವೇ ಇಳಿದಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ತಲುಪಿದ್ವಿ. ಮೊದಲ ನೋಟಕ್ಕೆ ವಿಮಾನದ ಒಂದು ತುಂಡು ಬಂದು ಬಂಡೆಗೆ ಸಿಕ್ಕಿಹಾಕ್ಕೊಂಡಿದೆ ಅನ್ಸುತ್ತೆ. ಬಿಳಿ ಕೊಳವೆ, ಮೇಲೆ ಕೆಂಪು ಚಿತ್ತಾರ, ಒಂದು ತುದಿ ಪ್ರಪಾತದ ಮೇಲೆ ಚಾಚಿದೆ, ಆ ತುದಿಯಲ್ಲಿ ದೊಡ್ಡ ಕಿಟಕಿ. 2011ರಲ್ಲಿ ಇದನ್ನ ಬಿಡಿ ಭಾಗಗಳಾಗಿ ಮಾಡಿ, ಹೆಲಿಕಾಪ್ಟರ್‌ನಲ್ಲಿ ತಂದು ಅಲ್ಲೇ ಜೋಡಿಸಿದರು. ಹನ್ನೆರಡು ಜನ ಮಲಗಬಹುದು. ದೀಪಕ್ಕೆ ಸೌರಫಲಕ ಇದೆ. ಇದಕ್ಕೂ ಮುಂಚೆ ಅಲ್ಲಿ 1948ರ ಹಳೇ ಗೂಡು ಇತ್ತು.

ಹೆಸರು ಜೂಸ್ತೊ ಜೆರ್ವಸೂತಿ ಅನ್ನೋ ಪರ್ವತಾರೋಹಿಯದ್ದು. ಬಿವಾಕ್‌ನ ಎದುರಿಗೆ 4,208 ಮೀಟರ್ ಎತ್ತರದ ಗ್ರಾಂದ್ ಜೊರಾಸ್ ನಿಂತಿದೆ. ಅದರ ಪೂರ್ವದ ಗೋಡೆಯನ್ನ ಮೊದಲು ಹತ್ತಿದ್ದು ಇವರು, 1942ರಲ್ಲಿ, ಒಬ್ಬ ಜೊತೆಗಾರನ ಸಂಗಡ. ನಾಲ್ಕು ವರ್ಷ ಆದ ಮೇಲೆ, 1946ರಲ್ಲಿ, ಹತ್ತಿರದ ಇನ್ನೊಂದು ಶಿಖರದಲ್ಲಿ ಹಗ್ಗದಲ್ಲಿ ಇಳೀವಾಗ ಬಿದ್ದು ತೀರಿಕೊಂಡರು. ಅವರ ನೆನಪಿಗೆ ಗೆಳೆಯರು ಪ್ರತಿಮೆ ನಿಲ್ಲಿಸಲಿಲ್ಲ. ಅವರು ಹತ್ತಿದ ಗೋಡೆಯ ಎದುರಿಗೆ ಬೇರೆಯವರಿಗೆ ಮಲಗೋಕೆ ಒಂದು ಜಾಗ ಮಾಡಿದರು.

ಈ ಥರದ ಗೂಡುಗಳ ಇತಿಹಾಸ ಶುರುವಾಗೋದೂ ಇದೇ ಸುತ್ತಮುತ್ತ. ಇಟಲಿಯ ಮೊದಲ ಬಿವಾಕ್‌ಗಳನ್ನ 1925ರಲ್ಲಿ ಮಾಂಟ್ ಬ್ಲಾಂಕ್‌ನ ಈ ಮಗ್ಗುಲಲ್ಲಿ ಇಟ್ಟರು, ಅದರಲ್ಲಿ ಒಂದು ಈ ಫ್ರೆಬೂಜ್ ಕಣಿವೆಯಲ್ಲೇ. ಮರದ ಚೌಕಟ್ಟು, ಮೇಲೆ ತಗಡು, ಅರ್ಧ ಪೀಪಾಯಿ ಥರದ ಆಕಾರ. ಎತ್ತರ ಬರೀ ಒಂದೂಕಾಲು ಮೀಟರ್. ಒಳಗೆ ನಿಲ್ಲೋಕೆ ಆಗಲ್ಲ, ತೆವಳಿಕೊಂಡು ಹೋಗಿ ನಾಲ್ಕೈದು ಜನ ಒತ್ತಿಕೊಂಡು ಮಲಗಬೇಕು. ಬಿರುಗಾಳಿ ಬಂದಾಗ ಆ ಒಂದೂಕಾಲು ಮೀಟರ್ ಸಾಕಾಗುತ್ತಿತ್ತು.

ಸರಿ, ನಮ್ಮ ಕಥೆಗೆ ಬರೋಣ. ಒಳಗೆ ಯಾರೂ ಇರಲಿಲ್ಲ. ಕಂಬಳಿಗಳು ನೀಟಾಗಿ ಮಡಚಿಟ್ಟಿದ್ದವು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಬಂದವರು ಹೆಸರು, ದಿನಾಂಕ, ಎಲ್ಲಿಗೆ ಹೋಗ್ತಿದ್ದೇವೆ ಅಂತ ಬರೆಯೋಕೆ. ಇದು ಬರೀ ನೆನಪಿಗೆ ಅಲ್ಲ. ಯಾರಾದ್ರೂ ಕಾಣೆಯಾದ್ರೆ ರಕ್ಷಣಾ ತಂಡದವರು ಮೊದಲು ನೋಡೋದು ಇಂಥ ಪುಸ್ತಕವನ್ನ. ನಾವೂ ಬರೆದ್ವಿ. ತಂದಿದ್ದ ಚಪಾತಿ, ಚಟ್ನಿಪುಡಿ ತಿಂದ್ವಿ. ಗೆಳೆಯನಿಗೆ ಶೇಂಗಾ ಚಟ್ನಿಪುಡಿ ಎಷ್ಟು ಇಷ್ಟ ಆಯ್ತು ಅಂದ್ರೆ ಡಬ್ಬಿ ಖಾಲಿ. ಮೂಲೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಪಾಸ್ತಾ ಪ್ಯಾಕೆಟ್ ಇತ್ತು. ನಾನು ಕೈ ಹಾಕಿದೆ. ಅವನು ಬೇಡ ಅಂದ. "ನಾವು ಸಂಜೆಗೆ ಕೆಳಗಿರ್ತೀವಿ. ಅದು ಕೆಳಗೆ ಹೋಗೋಕೆ ಆಗದೇ ಇರೋರಿಗೆ."

ಹನ್ನೆರಡೂಮುಕ್ಕಾಲಿಗೆ ಹೊರಟ್ವಿ. ಕೊನೆಗೆ ಹೊರಗೆ ಬಂದವಳು ನಾನು. ಕೈಯಲ್ಲಿ ಫೋನ್. ಬಾಗಿಲಿನಿಂದ ಒಳಗಿನ ಒಂದು ವಿಡಿಯೋ ತಗೊಂಡೆ, ಎಡಗೈಲಿ ಬಾಗಿಲು ಎಳೆದೆ, ಓಡಿದೆ. ಸ್ವಲ್ಪ ಕೆಳಗೆ ನಿಂತು ಬಿವಾಕ್ ಹಿಂದೆ ಬರೋ ಹಾಗೆ ಮೂರೂ ಜನ ಸೆಲ್ಫಿ ತಗೊಂಡ್ವಿ.

ನಲವತ್ತು ನಿಮಿಷ ಇಳಿದ ಮೇಲೆ ನೀರು ಕುಡಿಯೋಕೆ ಕೂತ್ವಿ. ನಾನು ಫೋಟೋಗಳನ್ನ ನೋಡ್ತಾ ಇದ್ದೆ. ಸೆಲ್ಫಿಯನ್ನ ಜೂಮ್ ಮಾಡಿದೆ, ನನ್ನ ಮುಖ ಹೇಗೆ ಬಂದಿದೆ ಅಂತ ನೋಡೋಕೆ. ಮುಖದ ಪಕ್ಕದಲ್ಲಿ, ಹಿಂದೆ, ಬಾಗಿಲು. ಒಂದು ಗೇಣು ತೆರೆದಿತ್ತು.

ನಿಜ ಹೇಳ್ಲಾ? ನಾನು ಹತ್ತು ನಿಮಿಷ ಬಾಯಿ ಬಿಡಲಿಲ್ಲ. ತಲೆಯಲ್ಲಿ ಲೆಕ್ಕ ಓಡ್ತಿತ್ತು. ಮತ್ತೆ ಒಂದು ಗಂಟೆ ಹತ್ತಬೇಕು, ಕಾಲು ನಡುಗ್ತಿದೆ, ಬಸ್ ತಪ್ಪುತ್ತೆ. ಯಾರಾದ್ರೂ ಬಂದು ಹಾಕ್ತಾರೆ ಬಿಡು. ಬಾಗಿಲು ತೆರೆದಿದ್ರೆ ಏನಾಗುತ್ತೆ, ಕದಿಯೋಕೆ ಅಲ್ಲೇನಿದೆ? ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ. ಇವರಿಬ್ಬರ ಮುಂದೆ ಹೇಗೆ ಹೇಳೋದು? ಫೋಟೋ ಇರೋದು ನನ್ನ ಫೋನಲ್ಲಿ. ಡಿಲೀಟ್ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. ಹೌದು, ಅದೂ ಮನಸ್ಸಿಗೆ ಬಂತು.

ಆದರೆ ಬೆಳಿಗ್ಗೆಯ ಮುನ್ಸೂಚನೆ ತಲೆಯಿಂದ ಹೋಗಲಿಲ್ಲ. ರಾತ್ರಿ ಬಿರುಗಾಳಿ. ಕೊನೆಗೆ ಹೇಳಿದೆ.

ಗೆಳೆಯ ಬೈಯಲಿಲ್ಲ. ಫೋಟೋ ನೋಡಿದ, ಗಡಿಯಾರ ನೋಡಿದ, ಆಕಾಶ ನೋಡಿದ, ನಮ್ಮಿಬ್ಬರ ಕಾಲು ನೋಡಿದ, ನೀರು ಎಷ್ಟಿದೆ ಅಂತ ಕೇಳಿದ. ಆಮೇಲೆ ವಿವರಿಸಿದ. ಬಿರುಗಾಳಿಗೆ ತೆರೆದ ಬಾಗಿಲು ಬಡಿದೂ ಬಡಿದೂ ತಿರುಗಣೆ ಕಿತ್ತುಹೋಗಬಹುದು. ಹಿಮದ ಪುಡಿ ಒಳಗೆ ತುಂಬುತ್ತೆ, ಕರಗುತ್ತೆ, ಮತ್ತೆ ಹೆಪ್ಪುಗಟ್ಟುತ್ತೆ. ಹೊಸಿಲಿನಲ್ಲಿ ಐಸ್ ಕೂತರೆ ಆಮೇಲೆ ಬಂದವರಿಗೆ ಬಾಗಿಲು ಹಾಕೋಕೂ ಆಗಲ್ಲ. ಕಂಬಳಿ ಒದ್ದೆಯಾದ್ರೆ ಅದು ಬೆಚ್ಚಗೆ ಮಾಡಲ್ಲ, ಮೈ ಶಾಖವನ್ನೇ ಹೀರುತ್ತೆ. "ಎದುರಿನ ಗೋಡೆಯಿಂದ ರಾತ್ರಿ ಹತ್ತು ಗಂಟೆಗೆ ಕೈ ಮರಗಟ್ಟಿ ಯಾರಾದ್ರೂ ಇಳಿದು ಬಂದ್ರೆ, ಅವರು ಇದೊಂದನ್ನ ನಂಬಿಕೊಂಡೇ ಬರ್ತಿರ್ತಾರೆ" ಅಂದ.

ಆಮೇಲೆ ಅವನು ಹೇಳಿದ್ದನ್ನ ನೀವು ಗಮನವಿಟ್ಟು ಕೇಳಬೇಕು. "ಮೋಡ ಕಟ್ಟಿದ್ರೆ ನಾನು ವಾಪಸ್ ಹೋಗೋಣ ಅಂತಿರಲಿಲ್ಲ. ಕೆಳಗೆ ಹೋಗಿ ಬಿವಾಕ್ ನೋಡಿಕೊಳ್ಳೋ ಕ್ಲಬ್‌ನವರಿಗೆ ಫೋನ್ ಮಾಡಿ ತಪ್ಪು ಒಪ್ಪಿಕೊಳ್ತಿದ್ವಿ. ಬಾಗಿಲಿಗೋಸ್ಕರ ಪ್ರಾಣ ಕೊಡಬಾರದು. ಆದ್ರೆ ಈಗ ಆಕಾಶ ಚೆನ್ನಾಗಿದೆ, ಎಂಟು ಗಂಟೆವರೆಗೆ ಬೆಳಕಿದೆ, ಹಗ್ಗದ ಭಾಗ ಇನ್ನೂ ನಮ್ಮ ಕೆಳಗಿದೆ. ಈಗ ಕಳ್ಕೊಳ್ಳೋದು ಬಸ್ ಮಾತ್ರ."

ನಾನೊಬ್ಬಳೇ ಹೋಗಿ ಬರ್ತೀನಿ, ನೀವು ಇಲ್ಲೇ ಇರಿ ಅಂದೆ. ಧಾರವಾಡದ ಗೆಳತಿ ಎದ್ದು ಬ್ಯಾಗ್ ಹಾಕ್ಕೊಂಡಳು. "ಒಬ್ಬಾಕಿನ್ನ ಹೆಂಗ ಬಿಡೂದು? ನಡಿ ನಡಿ, ಮಾತಾಡಕೋತ ಕುಂತ್ರ ಹೊತ್ತಾಗ್ತದ" ಅಂದಳು.

ಹತ್ತೋಕೆ ಐವತ್ತೈದು ನಿಮಿಷ ಹಿಡೀತು. ಬೆಳಿಗ್ಗೆ ಮಾತಾಡ್ತಾ, ನಗ್ತಾ ಹತ್ತಿದ ದಾರಿ. ಈಗ ಮೂರೂ ಜನ ಒಂದು ಮಾತಿಲ್ಲ. ಮೇಲೆ ಹೋದಾಗ ಬಾಗಿಲು ಗೇಣು ಅಲ್ಲ, ಪೂರ್ತಿ ತೆರೆದು ಗಾಳಿಗೆ ಟಪ್ ಟಪ್ ಅಂತ ಬಡೀತಿತ್ತು. ಪುಸ್ತಕ ನೆಲದ ಮೇಲೆ ಬಿದ್ದು ಹಾಳೆಗಳು ಮಗುಚಿದ್ದವು. ಒಂದು ಕಂಬಳಿ ಜಾರಿತ್ತು. ಬಿರುಗಾಳಿ ಇನ್ನೂ ಬಂದಿರಲಿಲ್ಲ, ಇದು ಮಧ್ಯಾಹ್ನದ ಮಾಮೂಲಿ ಗಾಳಿ ಅಷ್ಟೆ.

ಕಂಬಳಿ ಮಡಚಿಟ್ಟೆ. ಪುಸ್ತಕ ಮೇಜಿನ ಮೇಲಿಟ್ಟು, ಬೆಳಿಗ್ಗೆ ಬರೆದಿದ್ದರ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆದೆ: "ಬಾಗಿಲು ಹಾಕೋಕೆ ಮತ್ತೆ ಬಂದ್ವಿ." ಪುಸ್ತಕ ಓದೋರಲ್ಲಿ ಎಷ್ಟು ಜನಕ್ಕೆ ಅದು ಅರ್ಥ ಆಗುತ್ತೋ ಏನೋ. ಹೊರಗೆ ಬಂದು ಎರಡೂ ಕೈಯಲ್ಲಿ ಬಾಗಿಲು ಎಳೆದೆ. ಅಗುಳಿ ಕೂತ ಸದ್ದು ಕೇಳಿಸ್ತು. ಒಂದು ಸಲ ತಳ್ಳಿ ನೋಡಿದೆ. ಗೆಳತಿಯೂ ತಳ್ಳಿ ನೋಡಿದಳು. ಆ ಸಲ ಫೋನ್ ಬ್ಯಾಗಿನಲ್ಲಿತ್ತು.

ಬಸ್ ತಪ್ಪಿತು. ಲವಶೆಯಿಂದ ಕೂರ್ಮಯೋರ್‌ಗೆ ಹತ್ತು ಕಿಲೋಮೀಟರ್ ಆಸುಪಾಸು. ಸ್ವಲ್ಪ ದೂರ ನಡೆದ್ವಿ, ಆಮೇಲೆ ಒಬ್ಬರು ವಯಸ್ಸಾದ ದಂಪತಿ ಕಾರಿನಲ್ಲಿ ಹತ್ತಿಸಿಕೊಂಡರು. ರಾತ್ರಿ ಹತ್ತರ ಹೊತ್ತಿಗೆ ರೂಮಿನ ಕಿಟಕಿಯಿಂದ ನೋಡ್ತಿದ್ದೆ. ಕಣಿವೆಯ ಮೇಲೆ ಮಿಂಚು ಶುರುವಾಗಿತ್ತು.

ಆ ರಾತ್ರಿ ಬಿವಾಕ್‌ಗೆ ಯಾರಾದ್ರೂ ಬಂದ್ರಾ? ಗೊತ್ತಿಲ್ಲ. ಗೊತ್ತಾಗೋದೂ ಇಲ್ಲ. ಬಂದಿದ್ರೂ ಅವರಿಗೆ ಇದೆಲ್ಲಾ ಗೊತ್ತಿರಲ್ಲ. ಒಣ ಕಂಬಳಿ ಸಿಕ್ಕಿರುತ್ತೆ, ಮಲಗಿರ್ತಾರೆ. ಅವರು ನಮಗೆ ಥ್ಯಾಂಕ್ಸ್ ಹೇಳಬೇಕಾಗಿಯೂ ಇಲ್ಲ, ತಪ್ಪು ನಂದೇ ಆಗಿತ್ತು. ಆದರೆ ಆ ದಿನ ನನಗೆ ಒಂದು ವಿಷಯ ಅರ್ಥ ಆಯ್ತು. ಬಿವಾಕ್‌ನಲ್ಲಿ ಕಾವಲುಗಾರ ಇಲ್ಲ ಅಂತ ನಾನು ಅಂದ್ಕೊಂಡಿದ್ದೆ. ಇದ್ದಾರೆ. ಕೊನೆಗೆ ಹೊರಗೆ ಬಂದವರೇ ಅಲ್ಲಿಯ ಕಾವಲುಗಾರರು. ಆ ಮಧ್ಯಾಹ್ನ ಅದು ನಾನಾಗಿದ್ದೆ.

ಇನ್ನೊಂದು ವಿಷಯ. ಇಂಥ ಗೂಡುಗಳು ಶಾಶ್ವತ ಅಲ್ಲ. ಇದೇ ಮಾಂಟ್ ಬ್ಲಾಂಕ್ ಸಾಲಿನಲ್ಲಿ, 3,600 ಮೀಟರ್‌ಗೂ ಎತ್ತರದಲ್ಲಿ, ಫೂರ್ಶ್ ಅನ್ನೋ ಒಂದು ಹೆಸರಾಂತ ಬಿವಾಕ್ ಇತ್ತು. 1961ರಲ್ಲಿ ವಾಲ್ಟರ್ ಬೊನಾಟಿ ಅವರ ಇಟಲಿ ತಂಡ ಮತ್ತು ಒಂದು ಫ್ರೆಂಚ್ ತಂಡ ಅಲ್ಲೇ ಆಕಸ್ಮಿಕವಾಗಿ ಭೇಟಿಯಾಗಿ, ಒಟ್ಟಿಗೆ ಹತ್ತೋಣ ಅಂತ ಹೊರಟಿದ್ದರು. ಬಿರುಗಾಳಿಗೆ ಸಿಕ್ಕಿ ಏಳು ಜನರಲ್ಲಿ ನಾಲ್ವರು ತೀರಿಕೊಂಡರು. ಆ ಬಿವಾಕ್ 2022ರ ಆಗಸ್ಟ್‌ನಲ್ಲಿ ಕೆಳಗಿನ ಬಂಡೆ ಕುಸಿದು ಹೊರಟುಹೋಯ್ತು. ಒಳಗೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಎತ್ತರದ ಬಂಡೆಗಳ ಬಿರುಕುಗಳಲ್ಲಿ ವರ್ಷಪೂರ್ತಿ ಇರ್ತಿದ್ದ ಐಸ್ ಅವುಗಳನ್ನ ಅಂಟಿನ ಥರ ಹಿಡಿದಿಡುತ್ತೆ. ಬಿಸಿ ಹೆಚ್ಚಾದ ಹಾಗೆ ಆ ಅಂಟು ಬಿಡ್ತಾ ಇದೆ. ಉಳಿದಿರೋ ಗೂಡುಗಳನ್ನ ಇನ್ನಷ್ಟು ಜೋಪಾನ ಮಾಡಬೇಕು ಅನ್ನೋಕೆ ಇದೂ ಒಂದು ಕಾರಣ.

ಕೊನೆಯಲ್ಲಿ, ಯುರೋಪಲ್ಲಿ ಓದ್ತಿರೋ, ಕೆಲಸ ಮಾಡ್ತಿರೋ ಕೇಳುಗರಿಗೆ ಕೆಲವು ಮಾತು. ಅನುಭವ ಇರೋರ ಜೊತೆ ಹೋಗಿ. ವಾಪಸ್ ತಿರುಗೋ ಗಂಟೆಯನ್ನ ಮನೆಯಲ್ಲೇ ತೀರ್ಮಾನ ಮಾಡಿ. ಮ್ಯಾಪ್ ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ತುರ್ತು ಸಂಖ್ಯೆ 112. ನೆಟ್‌ವರ್ಕ್ ಇಲ್ಲದಿದ್ರೆ ಆಲ್ಪ್ಸ್‌ನ ಹಳೇ ಸಂಜ್ಞೆ ನೆನಪಿಡಿ: ಒಂದು ನಿಮಿಷದಲ್ಲಿ ಆರು ಸಲ ಸೀಟಿ ಅಥವಾ ಟಾರ್ಚ್, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಉತ್ತರ ಬಂದ್ರೆ ಯಾರಿಗೋ ಕೇಳಿಸಿದೆ ಅಂತ ಅರ್ಥ. ಬಿವಾಕ್‌ಗೆ ಹಗಲಲ್ಲಿ ಹೋಗಿ ಬರೋರು ನೀವಾದ್ರೆ ಹಾಸಿಗೆಯನ್ನ ರಾತ್ರಿ ಉಳಿಯೋರಿಗೆ ಬಿಡಿ. ಅಲ್ಲಿರೋ ಆಹಾರ ಮುಟ್ಟಬೇಡಿ. ನಿಮ್ಮ ಕಸ ನಿಮ್ಮ ಬ್ಯಾಗಲ್ಲೇ ವಾಪಸ್ ತನ್ನಿ. ಕೆಲವು ಗೂಡುಗಳು ಬರೀ ಆಪತ್ತಿಗೆ ಮಾತ್ರ, ಉದಾಹರಣೆಗೆ ಮ್ಯಾಟರ್‌ಹಾರ್ನ್‌ನಲ್ಲಿ 4,003 ಮೀಟರ್ ಎತ್ತರದಲ್ಲಿರೋ ಸೊಲ್ವೇ ಗೂಡು. ಅಂಥ ಕಡೆ ಪಿಕ್ನಿಕ್ ಬೇಡ.

ಮತ್ತೆ ಹೊರಡುವಾಗ ಫೋನ್ ಜೇಬಿಗೆ ಹಾಕಿ, ಎರಡೂ ಕೈಯಲ್ಲಿ ಬಾಗಿಲು ಎಳೀರಿ. ಅಗುಳಿ ಕೂತ ಸದ್ದು ಕೇಳಿಸೋವರೆಗೂ ಅಲ್ಲೇ ನಿಲ್ಲಿ.

ಆ ಸೆಲ್ಫಿ ಇನ್ನೂ ನನ್ನ ಫೋನಲ್ಲಿದೆ, ಡಿಲೀಟ್ ಮಾಡಿಲ್ಲ. ನಿಮಗೂ ಇಂಥ "ಬಾಗಿಲು ಹಾಕಿದ್ನಾ" ಕಥೆ ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.